ಪ್ರಕಟಣೆಗೆ ಮುಂಚಿನ ಕೆಲಸ

ಚರ್ಚಿನ ಕಟ್ಟಡ ಹಾಗೂ ದುರಸ್ತಿ ಕಾರ್ಯಗಳಿಗೆ ಹಣ ಸಂಗ್ರಹಿಸುವುದರ ಕುರಿತು ಓದುಗರು ಬರೆದ ಕೆಲವು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಪ್ರಶ್ನೆಯ ಸಾರವನ್ನಷ್ಟೇ ಕೊಟ್ಟಿದ್ದೇನೆ; ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಚರ್ಚಿನ ಚಾವಣಿ ಸೋರುತ್ತಿದೆ. ಸಂಡೇ ಸ್ಕೂಲಿಗೆ ಪ್ರತ್ಯೇಕ ಕೊಠಡಿಗಳೂ ಇಲ್ಲ. ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿದೆ ಮತ್ತು ಗುತ್ತಿಗೆದಾರರೊಬ್ಬರು ಅಂದಾಜು ಮೊತ್ತ ಹೇಳಿದ್ದಾರೆ. ಬರುವ ತಿಂಗಳ ಮೊದಲ ಭಾನುವಾರ ಆರಾಧನೆಯಲ್ಲಿ ಗುರಿಯನ್ನು ಪ್ರಕಟಿಸಿ, ಬಾಗಿಲ ಬಳಿ ಸಂಗ್ರಹ ಎಲ್ಲಿಗೆ ಮುಟ್ಟಿದೆ ಎಂದು ತೋರಿಸುವ ಫಲಕ ನಿಲ್ಲಿಸಿ, ಎಲ್ಲರಿಗೂ ಲಕೋಟೆ ಹಂಚಬೇಕೆಂದಿದ್ದೇವೆ. ಇನ್ನೇನಾದರೂ ಸಿದ್ಧತೆ ಬೇಕೇ?
— ಕಟ್ಟಡ ಸಮಿತಿಯ ಕಾರ್ಯದರ್ಶಿ

ಉತ್ತರ: ಬೇಕು. ಫಲಕ ಬರೆಸಿ ಆಗಿದ್ದರೂ ಸದ್ಯಕ್ಕೆ ಅದನ್ನು ಹೊರಗೆ ತರಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಿಧಿ ಸಂಗ್ರಹದಲ್ಲಿ ಬಹಿರಂಗ ಪ್ರಕಟಣೆ ಮೊದಲ ಹೆಜ್ಜೆಯಲ್ಲ, ಬಹುಪಾಲು ಕೆಲಸ ಮುಗಿದ ಮೇಲೆ ಇಡುವ ಹೆಜ್ಜೆ. ಈ ಕೆಲಸದಲ್ಲಿ ಪಳಗಿದವರು ಗುರಿಯ ಅರ್ಧದಿಂದ ಮೂರನೇ ಎರಡು ಭಾಗದಷ್ಟು ಮೊತ್ತಕ್ಕೆ ಸದ್ದಿಲ್ಲದೆ ಮಾತು ಪಡೆದುಕೊಂಡ ನಂತರವೇ ಸಭೆಯ ಮುಂದೆ ಬಾಯಿ ತೆರೆಯುತ್ತಾರೆ. ಸೊನ್ನೆಯಿಂದ ಆರಂಭವಾದ ಫಲಕ ನಾಲ್ಕು ವಾರ ಕಳೆದರೂ ಕೆಳಗಿನ ಗೆರೆಯಲ್ಲೇ ನಿಂತಿದ್ದರೆ, ಅದನ್ನು ದಾಟಿ ಒಳಗೆ ಬರುವ ಪ್ರತಿಯೊಬ್ಬರಿಗೂ ಈ ಕೆಲಸ ಆಗುವುದಿಲ್ಲವೆಂಬ ಸಂದೇಶವೇ ಮುಟ್ಟುತ್ತದೆ; ಆ ಅನುಮಾನ ಒಮ್ಮೆ ಮನಸ್ಸಿಗೆ ಹೊಕ್ಕರೆ ಕೊಡಬೇಕೆಂದಿದ್ದವರೂ ಕೈ ಹಿಂದೆಗೆದುಕೊಳ್ಳುತ್ತಾರೆ.

ಮೊದಲು ಲೆಕ್ಕ ಸರಿಯಾಗಲಿ. ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳುವ ಮಾತು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ಅದು ಶಿಷ್ಯತ್ವದ ಬೆಲೆಯ ಕುರಿತಾದ ಮಾತಾದರೂ ಕಟ್ಟಡ ಸಮಿತಿಗೂ ಅಕ್ಷರಶಃ ಸಲ್ಲುತ್ತದೆ. ಒಬ್ಬ ಗುತ್ತಿಗೆದಾರರ ಬಾಯಿಮಾತಿನ ಅಂದಾಜು ಸಾಲದು. ಎಂಜಿನಿಯರರಿಂದ ನಕ್ಷೆ ಮತ್ತು ಅಂದಾಜುಪಟ್ಟಿ ಮಾಡಿಸಿ, ಅದರ ಮೇಲೆ ಕನಿಷ್ಠ ಮೂವರಿಂದ ದರಪಟ್ಟಿ ತರಿಸಿಕೊಳ್ಳಿ. ಬಂದ ಮೊತ್ತಕ್ಕೆ ಅನಿರೀಕ್ಷಿತ ಖರ್ಚಿಗೆಂದು ಶೇಕಡಾ 10ರಷ್ಟು, ಕೆಲಸ ಮುಗಿಯುವುದರೊಳಗೆ ಸಾಮಗ್ರಿಗಳ ಬೆಲೆ ಏರಬಹುದಾದಷ್ಟು, ಅಭಿಯಾನದ ಸ್ವಂತ ಖರ್ಚು ಮತ್ತು ಮಾತು ಕೊಟ್ಟೂ ಬಾರದೆ ಉಳಿಯುವ ಹಣ, ಇವಿಷ್ಟನ್ನೂ ಸೇರಿಸಿದ ಮೇಲೆ ನಿಲ್ಲುವ ಅಂಕಿಯೇ ನಿಮ್ಮ ನಿಜವಾದ ಅಗತ್ಯ. ಚಾವಣಿ ಮತ್ತು ಕೊಠಡಿಗಳ ಅಂದಾಜು ಬೇರೆ ಬೇರೆಯಾಗಿರಲಿ, ಏಕೆಂದರೆ ಹಣ ಸಾಲದೆ ಬಂದರೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತೀರಿ ಎಂಬುದನ್ನು ಜನ ಕೇಳಿಯೇ ಕೇಳುತ್ತಾರೆ ಮತ್ತು ಆ ಉತ್ತರ ಮೊದಲೇ ಬರಹದಲ್ಲಿರಬೇಕು.

ಅನಂತರ ಕಿವಿಗೊಡುವ ಕೆಲಸ. ಸಭೆಯ ಎಲ್ಲ ಬಗೆಯ ಜನರಿಂದ, ಅಂದರೆ ಹಿರಿಯರು, ಹೊಸದಾಗಿ ಸೇರಿದವರು, ಮಹಿಳಾ ಸಂಘದವರು, ಯುವಕರು, ಸಮಿತಿಯೊಂದಿಗೆ ಹಿಂದೆ ಮನಸ್ತಾಪ ಮಾಡಿಕೊಂಡವರು ಸಹ ಸೇರಿದಂತೆ ಇಪ್ಪತ್ತೈದು ಮೂವತ್ತು ಮನೆಗಳನ್ನು ಆರಿಸಿ, ಇಬ್ಬಿಬ್ಬರಾಗಿ ಹೋಗಿ ಕುಳಿತು ಮಾತನಾಡಿ. ಈ ಭೇಟಿಯಲ್ಲಿ ಹಣ ಕೇಳುವಂತಿಲ್ಲ. ಈ ಕೆಲಸ ಅಗತ್ಯವೆಂದು ನಿಮಗೆ ಅನ್ನಿಸುತ್ತದೆಯೇ, ಈ ಮೊತ್ತ ನಮ್ಮ ಸಭೆಯ ಕೈಗೆ ಎಟಕುವಂಥದ್ದೇ, ಇದನ್ನು ಮುಂದೆ ನಿಂತು ನಡೆಸಲು ಯಾರನ್ನು ನೀವು ನಂಬುತ್ತೀರಿ ಎಂಬ ಮೂರೇ ಪ್ರಶ್ನೆಗಳು ಸಾಕು. ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಸಮಿತಿಯ ಅಧ್ಯಕ್ಷರ ಹೆಸರು ಬಾರದೆ ಇರಬಹುದು. ಬಾರದಿದ್ದರೆ ಅದನ್ನು ನುಂಗಿಕೊಂಡು, ಬಂದ ಹೆಸರಿನವರನ್ನು ಅಭಿಯಾನದ ಮುಖ್ಯಸ್ಥರನ್ನಾಗಿ ಕರೆಯಬೇಕು. ಸಭೆಗೆ ನಿಜಕ್ಕೂ ಬೇಕಾಗಿರುವುದು ಚಾವಣಿ ಮಾತ್ರ, ಕೊಠಡಿಗಳ ಯೋಚನೆ ಸಮಿತಿಯದು ಮಾತ್ರ ಎಂಬುದು ಸಹ ಈ ಭೇಟಿಗಳಲ್ಲೇ ತಿಳಿದುಬರಬಹುದು. ಫಲಕ ನಿಲ್ಲಿಸಿದ ಮೇಲೆ ತಿಳಿಯುವುದಕ್ಕಿಂತ ಆಗ ತಿಳಿಯುವುದು ಎಷ್ಟೋ ಮೇಲು.

ಇನ್ನು, ಒಟ್ಟು ಮೊತ್ತವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ ಮನೆಗಿಷ್ಟು ಎಂದು ನಿಗದಿ ಮಾಡುವ ಆಲೋಚನೆ ನಿಮ್ಮ ಪತ್ರದ ಕೊನೆಯಲ್ಲಿದೆ. ನ್ಯಾಯವೆಂದು ತೋರುವ ಈ ದಾರಿಯಲ್ಲಿ ನ್ಯಾಯವಿಲ್ಲ. ಕೂಲಿಯಿಂದ ಬದುಕುವ ಮನೆಗೆ ಹೊರಲಾರದ ಹೊರೆಯಾಗುವ ಮೊತ್ತವೇ ಅನುಕೂಲಸ್ಥ ಮನೆಗೆ ಒಂದು ದಿನದ ಖರ್ಚಾಗಿರುತ್ತದೆ; ಅವರು ಅಷ್ಟು ಕೊಟ್ಟು ತಮ್ಮ ಪಾಲು ಮುಗಿಯಿತೆಂದುಕೊಳ್ಳುತ್ತಾರೆ, ಇವರು ಕೊಡಲಾಗದೆ ಆರಾಧನೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಇದರ ಬದಲು ಕಾಣಿಕೆಗಳ ಪಟ್ಟಿಯೊಂದನ್ನು ಮಾಡಿಕೊಳ್ಳಿ. ಗುರಿಯನ್ನು 100 ಪಾಲು ಎಂದುಕೊಂಡರೆ, 15 ಪಾಲಿನ ಒಂದು ಕಾಣಿಕೆ, 8 ಪಾಲಿನ ಎರಡು, 4 ಪಾಲಿನ ನಾಲ್ಕು, 2 ಪಾಲಿನ ಎಂಟು, ಒಂದೊಂದು ಪಾಲಿನ ಹದಿನಾರು ಕಾಣಿಕೆಗಳು ಸಿಕ್ಕರೆ ಒಟ್ಟು 31 ಮನೆಗಳಿಂದ 79 ಪಾಲು ಬಂದಂತಾಯಿತು. ಉಳಿದ 21 ಪಾಲು ಮಿಕ್ಕ ಇಡೀ ಸಭೆಯಿಂದ, ಸಣ್ಣ ಮೊತ್ತಗಳಲ್ಲಿ ಬರುತ್ತದೆ. ಕಟ್ಟಡದ ಅಭಿಯಾನಗಳಲ್ಲಿ ಹಣ ಹೆಚ್ಚುಕಡಿಮೆ ಈ ಆಕಾರದಲ್ಲೇ ಬರುವುದು. ಮೇಲಿನ ಒಂದೊಂದು ಕಾಣಿಕೆಗೂ ಕೇಳಬಹುದಾದ ಮೂರು ನಾಲ್ಕು ಮನೆಗಳ ಹೆಸರು ನಿಮ್ಮ ಕೈಯಲ್ಲಿರಬೇಕು, ಏಕೆಂದರೆ ಕೇಳಿದವರೆಲ್ಲರೂ ಕೇಳಿದಷ್ಟು ಕೊಡುವುದಿಲ್ಲ. ಆ ಹೆಸರುಗಳು ಸಿಗದೆ ಹೋದರೆ ಗುರಿಯನ್ನು ತಗ್ಗಿಸಬೇಕು ಅಥವಾ ಕೆಲಸವನ್ನು ಎರಡು ಹಂತ ಮಾಡಬೇಕು. ಅದನ್ನು ಕಂಡುಕೊಳ್ಳಲು ಒಂದು ಹಾಳೆ ಮತ್ತು ಒಂದು ಸಂಜೆ ಸಾಕು.

ಯಾರನ್ನು ಮೊದಲು ಕೇಳಬೇಕೆಂಬುದಕ್ಕೆ ಹದಿನೆಂಟನೆಯ ಶತಮಾನದ ಒಂದು ಪ್ರಸಂಗ ನೆನಪಾಗುತ್ತದೆ. ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಬೋಧಕ ಗಿಲ್ಬರ್ಟ್ ಟೆನೆಂಟ್ ಹೊಸ ಆರಾಧನಾಲಯಕ್ಕೆ ಚಂದಾ ಎತ್ತಲು ನೆರವಾಗಬೇಕೆಂದು ಬೆಂಜಮಿನ್ ಫ್ರಾಂಕ್ಲಿನ್ ಬಳಿ ಹೋದರು. ಪದೇ ಪದೇ ಊರಿನವರ ಮುಂದೆ ಕೈಚಾಚಿ ಅವರಿಗೆ ಬೇಸರ ತರಿಸಲು ಇಷ್ಟವಿಲ್ಲದ ಫ್ರಾಂಕ್ಲಿನ್ ಅದಕ್ಕೆ ಒಪ್ಪಲಿಲ್ಲ, ಕೊಡುವವರ ಪಟ್ಟಿಯನ್ನೂ ಕೊಡಲಿಲ್ಲ. ಆದರೆ ಒಂದು ಸಲಹೆ ಕೊಟ್ಟರು. ಖಂಡಿತ ಕೊಡುವರೆಂದು ತಿಳಿದಿರುವವರನ್ನು ಮೊದಲು ಕೇಳಿ, ಕೊಟ್ಟವರ ಪಟ್ಟಿಯನ್ನು ಹಿಡಿದುಕೊಂಡು ಕೊಡುವರೋ ಇಲ್ಲವೋ ಎಂದು ಸಂದೇಹವಿರುವವರ ಬಳಿಗೆ ಹೋಗಿ, ಕೊನೆಯಲ್ಲಿ ಏನೂ ಕೊಡುವುದಿಲ್ಲವೆಂದು ನೀವು ಭಾವಿಸಿದವರನ್ನೂ ಬಿಡಬೇಡಿ, ಏಕೆಂದರೆ ಅವರಲ್ಲಿ ಕೆಲವರ ವಿಷಯದಲ್ಲಿ ನಿಮ್ಮ ಎಣಿಕೆ ತಪ್ಪಿರಬಹುದು ಎಂಬುದು ಅದರ ಸಾರ. ಟೆನೆಂಟ್ ಹಾಗೆಯೇ ಎಲ್ಲರನ್ನೂ ಕೇಳಿದರು, ಎಣಿಸಿದ್ದಕ್ಕಿಂತ ಹೆಚ್ಚು ಹಣ ಕೂಡಿತು, ಕಟ್ಟಡವೂ ಎದ್ದಿತು ಎಂದು ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಿಮ್ಮ ಮಟ್ಟಿಗೆ ಖಂಡಿತ ಕೊಡಬೇಕಾದವರು ಯಾರೆಂದರೆ ಸಮಿತಿಯ ಸದಸ್ಯರೇ. ಅವರೆಲ್ಲರೂ ಇಷ್ಟು ಕೊಡುತ್ತೇವೆಂದು ಬರೆದುಕೊಡುವ ವಾಗ್ದಾನ ಪತ್ರಕ್ಕೆ ಸಹಿ ಹಾಕುವ ತನಕ ಯಾರ ಮನೆಯ ಬಾಗಿಲನ್ನೂ ತಟ್ಟಬಾರದು. ದೇವಾಲಯಕ್ಕಾಗಿ ದಾವೀದನು ಮೊದಲು ತನ್ನ ಸ್ವಂತ ಬೆಳ್ಳಿಬಂಗಾರ ಕೊಟ್ಟು, ಆಮೇಲೆ ಕುಲಗಳ ಮುಖಂಡರು ಕೊಟ್ಟು, ಅವರು ಮನಃಪೂರ್ವಕವಾಗಿ ಕೊಟ್ಟದ್ದನ್ನು ಕಂಡು ಜನರು ಸಂತೋಷಪಟ್ಟರೆಂದು 1 ಪೂರ್ವಕಾಲವೃತ್ತಾಂತದ 29ನೇ ಅಧ್ಯಾಯದಲ್ಲಿ ಬರುವ ಕ್ರಮವೂ ಇದೇ.

ಭೇಟಿಯ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಸಮಯ ಕೇಳಿಕೊಂಡು, ಇಬ್ಬರೇ ಹೋಗಿ. ಮನೆಯವರ ಯೋಗಕ್ಷೇಮ ವಿಚಾರಿಸಿದ ಮೇಲೆ, ಸೋರುವ ಚಾವಣಿಯ ಕೆಳಗೆ ಬಕೆಟ್ ಇಟ್ಟಿರುವ ಛಾಯಾಚಿತ್ರವನ್ನೂ ನಕ್ಷೆಯನ್ನೂ ಮೇಜಿನ ಮೇಲೆ ಬಿಡಿಸಿಟ್ಟು, ನಾನು ಮತ್ತು ನನ್ನ ಮನೆಯವರು ಇದಕ್ಕೆ ಕೊಟ್ಟಿದ್ದೇವೆ ಎಂದು ಮೊದಲು ಹೇಳಿ. ಬಳಿಕ, ಮೂರು ವರ್ಷಗಳಲ್ಲಿ ಇಷ್ಟು ಕೊಡುವುದನ್ನು ನೀವು ಪ್ರಾರ್ಥನೆಯಿಂದ ಯೋಚಿಸಲು ಸಾಧ್ಯವೇ ಎಂದು ಮೊತ್ತವನ್ನು ಸ್ಪಷ್ಟವಾಗಿ ಹೇಳಿ ಕೇಳಿ, ಸುಮ್ಮನಾಗಿ. ಆ ಮೌನ ನಿಮಗೆ ಬಹಳ ದೀರ್ಘವೆನಿಸುತ್ತದೆ. ಇಷ್ಟಾಗದಿದ್ದರೂ ಪರವಾಗಿಲ್ಲ, ಅರ್ಧವಾದರೂ ಸಾಕು ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ತಡೆದುಕೊಳ್ಳಲೇಬೇಕು, ಏಕೆಂದರೆ ಎದುರಿಗಿರುವವರು ಆ ಹೊತ್ತಿನಲ್ಲಿ ತಮ್ಮ ಮನೆಯ ಲೆಕ್ಕವನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಿರುತ್ತಾರೆ ಮತ್ತು ಅದಕ್ಕೆ ಅಡ್ಡಿ ಮಾಡುವ ಹಕ್ಕು ನಮಗಿಲ್ಲ. ಅಲ್ಲಿಯೇ ಉತ್ತರ ಬೇಕೆಂದು ಪಟ್ಟು ಹಿಡಿಯದೆ, ಇಂಥ ದಿನ ಮತ್ತೆ ಬರುತ್ತೇವೆಂದು ಹೇಳಿ ಏಳಿ, ಆ ದಿನ ತಪ್ಪದೆ ಹೋಗಿ.

ಇಷ್ಟೆಲ್ಲ ಆಗುವುದಕ್ಕೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಬಹಿರಂಗ ಹಂತ ಮಾತ್ರ ಚಿಕ್ಕದಾಗಿರಲಿ, ಐದಾರು ವಾರ ಸಾಕು. 1905ರಲ್ಲಿ ವಾಷಿಂಗ್ಟನ್ನಿನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಕಟ್ಟಡಕ್ಕಾಗಿ ಚಾರ್ಲ್ಸ್ ವಾರ್ಡ್ ಮತ್ತು ಲೈಮನ್ ಪಿಯರ್ಸ್ ಒಟ್ಟಾಗಿ ದುಡಿದ ಅಭಿಯಾನದಿಂದ ಹೆಸರಾದ ಪದ್ಧತಿಯ ಜೀವಾಳವೇ ಗೊತ್ತುಪಡಿಸಿದ ಅಲ್ಪ ಅವಧಿ, ತಂಡಗಳಾಗಿ ಹಂಚಿಕೊಂಡ ಮನೆಗಳು ಮತ್ತು ಮತ್ತೆ ಮತ್ತೆ ಒಟ್ಟಿಗೆ ಕುಳಿತು ಒಪ್ಪಿಸುವ ವರದಿ. ಕೊನೆಯ ದಿನವಿಲ್ಲದ ಸಂಗ್ರಹ ವರ್ಷಗಟ್ಟಲೆ ಎಳೆದಾಡಿ ಕೇಳುವವರನ್ನೂ ಕೊಡುವವರನ್ನೂ ದಣಿಸುತ್ತದೆ.

ಪ್ರಶ್ನೆ: ಅನುಕೂಲಸ್ಥರ ಮನೆಗಳಿಗೆ ಪ್ರತ್ಯೇಕವಾಗಿ ಹೋಗಿ ಕೇಳುವುದು ಪಕ್ಷಪಾತವಲ್ಲವೇ? ಯಾಕೋಬನ ಪತ್ರಿಕೆ ಇದನ್ನೇ ಖಂಡಿಸುತ್ತದೆಯಲ್ಲವೇ?
— ಸಭೆಯ ಒಬ್ಬ ಹಿರಿಯರು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು ಮತ್ತು ಅದು ಯಾವ ಸಮಿತಿಯಲ್ಲೂ ಯಾರಾದರೊಬ್ಬರ ಬಾಯಲ್ಲಿ ಬರಲೇಬೇಕಾದ ಪ್ರಶ್ನೆ. ಯಾಕೋಬನು ಎರಡನೆಯ ಅಧ್ಯಾಯದಲ್ಲಿ ಖಂಡಿಸುವುದು ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಸ್ಥಳ ಕೊಟ್ಟು ಬಡವನನ್ನು ಕೆಳಗೆ ಕೂರಿಸುವ ಬುದ್ಧಿಯನ್ನು. ಹೆಚ್ಚು ಇರುವವರನ್ನು ಹೆಚ್ಚು ಕೇಳುವುದು ಬೇರೆ, ಹೆಚ್ಚು ಕೊಟ್ಟವರಿಗೆ ಹೆಚ್ಚು ಮಣೆ ಹಾಕುವುದು ಬೇರೆ. ಮೊದಲನೆಯದಕ್ಕೆ ಪೌಲನ ಒಪ್ಪಿಗೆಯಿದೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ, ತನ್ನಲ್ಲಿಲ್ಲದ್ದರ ಪ್ರಕಾರವಲ್ಲ, ಇರುವುದರ ಪ್ರಕಾರ ಕೊಡುವುದೇ ಮೆಚ್ಚಿಕೆಯಾದದ್ದೆಂದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಹೇಳುತ್ತಾನೆ.

ಆದ್ದರಿಂದ ಕಾವಲು ಇಡಬೇಕಾದದ್ದು ಎರಡನೆಯದರ ಮೇಲೆ. ದೊಡ್ಡ ಕಾಣಿಕೆ ಕೊಟ್ಟವರಿಗೆ ಸಮಿತಿಯಲ್ಲಿ ಸ್ಥಾನ, ಮುಂದಿನ ಸಾಲಿನ ಕುರ್ಚಿ, ಗುತ್ತಿಗೆಯ ತೀರ್ಮಾನದಲ್ಲಿ ಮಾತು, ಇವು ಯಾವುವೂ ಇಲ್ಲವೆಂದು ಅಭಿಯಾನಕ್ಕೆ ಮೊದಲೇ ನಿರ್ಣಯ ಬರೆದಿಡಿ. ಮನೆಗಳಿಗೆ ಹೋಗುವುದರಲ್ಲಿ ಭೇದ ಮಾಡದೆ, ಮೊದಲ ಸುತ್ತಿನಲ್ಲಲ್ಲದಿದ್ದರೂ ಕೊನೆಯ ಸುತ್ತಿನಲ್ಲಿ ಪ್ರತಿ ಮನೆಗೂ ಇಬ್ಬರು ಹೋಗಲಿ. ಇವರಿಂದ ಏನೂ ಆಗದೆಂದು ನಾವೇ ತೀರ್ಮಾನಿಸಿ ಒಂದು ಮನೆಯನ್ನು ದಾಟಿಹೋಗುವುದಿದೆಯಲ್ಲ, ಅದು ನನಗೆ ಎಲ್ಲಕ್ಕಿಂತ ದೊಡ್ಡ ಪಕ್ಷಪಾತವಾಗಿ ಕಾಣುತ್ತದೆ. ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ಯಾರೂ ಕೇಳಿರಲಿಲ್ಲ, ಯಾರೂ ತಡೆದೂ ಇರಲಿಲ್ಲ.

ಪ್ರಶ್ನೆ: ಕೊಟ್ಟವರ ಹೆಸರು ಮತ್ತು ಮೊತ್ತವನ್ನು ಗೋಡೆಯ ಮೇಲೆ ಬರೆಸಿದರೆ ಉಳಿದವರಿಗೂ ಉತ್ಸಾಹ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಸರಿಯೇ?

ಉತ್ತರ: ಹೆಸರು ಬರೆಸಿ, ಮೊತ್ತ ಬರೆಸಬೇಡಿ, ಹೆಸರು ಬೇಡವೆಂದವರದ್ದನ್ನು ಬಿಟ್ಟುಬಿಡಿ. ಹೆಸರು ಕಾಣುವುದರಲ್ಲಿ ಉತ್ಸಾಹವಿದೆ ಎಂಬುದು ಸುಳ್ಳಲ್ಲ. 1885ರಲ್ಲಿ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಪೀಠಕ್ಕೆ ಹಣ ಸಾಲದೆ ಹೋದಾಗ, ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಎಷ್ಟೇ ಸಣ್ಣ ಮೊತ್ತ ಕೊಟ್ಟವರ ಹೆಸರನ್ನೂ ಅಚ್ಚು ಹಾಕುವುದಾಗಿ ಹೇಳಿ, ಒಂದು ಲಕ್ಷಕ್ಕೂ ಮಿಕ್ಕಿದ ಜನರಿಂದ ಆ ಕೊರತೆಯನ್ನು ತುಂಬಿಸಿದರು. ಅಲ್ಲಿ ಮಕ್ಕಳ ಪುಡಿಗಾಸಿಗೂ ಪುಟದಲ್ಲಿ ಸ್ಥಳವಿತ್ತು. ಚರ್ಚಿನ ಗೋಡೆಯ ಮೇಲೆ ದೊಡ್ಡ ಮೊತ್ತದಿಂದ ಸಣ್ಣ ಮೊತ್ತಕ್ಕೆ ಇಳಿಯುವ ಪಟ್ಟಿ ಮಾತ್ರ ಆರಾಧನೆಗೆ ಬಂದವರನ್ನು ಸಾಲಾಗಿ ನಿಲ್ಲಿಸಿ ಅಳೆದಂತಾಗುತ್ತದೆ.

ಪ್ರಶ್ನೆ: ನಮ್ಮ ಅಭಿಯಾನ ಮುಗಿದು ಒಂದೂವರೆ ವರ್ಷವಾಯಿತು. ಬರೆದುಕೊಟ್ಟ ಮೊತ್ತದಲ್ಲಿ ಈ ವೇಳೆಗೆ ಬರಬೇಕಾದುದರ ಅರ್ಧ ಮಾತ್ರ ಬಂದಿದೆ. ಆರಾಧನೆಯಲ್ಲಿ ಹೆಸರು ಓದಿದರೆ ಹೇಗೆ ಎಂಬ ಚರ್ಚೆ ನಡೆದಿದೆ.
— ಖಜಾಂಚಿ

ಉತ್ತರ: ದಯವಿಟ್ಟು ಓದಬೇಡಿ. ಬಾಕಿ ಉಳಿಸಿಕೊಂಡವರಲ್ಲಿ ಬಹುಪಾಲು ಜನ ಮನಸ್ಸು ಬದಲಿಸಿದವರಲ್ಲ, ಮರೆತವರು ಅಥವಾ ಯಾರೂ ಕೇಳಲಿಲ್ಲವೆಂದು ಮುಂದೂಡಿದವರು. ಮೂರು ತಿಂಗಳಿಗೊಮ್ಮೆ ಪ್ರತಿ ಮನೆಗೂ, ಬಾಕಿ ಇದ್ದವರಿಗಷ್ಟೇ ಅಲ್ಲದೆ ಪೂರ್ತಿ ಕೊಟ್ಟವರಿಗೂ, ಒಂದೇ ಬಗೆಯ ಚೀಟಿ ಹೋಗಲಿ: ನೀವು ಬರೆದುಕೊಟ್ಟದ್ದು ಇಷ್ಟು, ಈವರೆಗೆ ನಮಗೆ ತಲುಪಿದ್ದು ಇಷ್ಟು, ಕಟ್ಟಡದ ಕೆಲಸ ಈಗ ಇಲ್ಲಿಗೆ ಬಂದಿದೆ, ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿ. ಈ ಕೊನೆಯ ಸಾಲು ಬಹಳ ಮುಖ್ಯ, ಏಕೆಂದರೆ ತಪ್ಪು ಎಷ್ಟೋ ಸಲ ನಮ್ಮ ಲೆಡ್ಜರಿನಲ್ಲೇ ಇರುತ್ತದೆ. ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಒಂದು ಅಭಿಯಾನದಲ್ಲಿ ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದು, ಒಬ್ಬರು ಕೊಟ್ಟ ಕಂತುಗಳನ್ನು ವರ್ಷವಿಡೀ ಇನ್ನೊಬ್ಬರ ಪುಟದಲ್ಲಿ ಬರೆಯುತ್ತಾ ಹೋಗಿದ್ದೆ. ತಪ್ಪದೆ ಕೊಟ್ಟವರ ಮನೆಗೆ ಬಾಕಿಯ ಚೀಟಿ ಹೋಯಿತು. ಅವರು ರಸೀದಿಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ ತಂದು ನನ್ನ ಮುಂದಿಟ್ಟಾಗ ಆದ ಸಂಕಟ ಇಂದಿಗೂ ಹೋಗಿಲ್ಲ. ಅಂದಿನಿಂದ ಹೆಸರಿನ ಜೊತೆಗೆ ಸದಸ್ಯ ಸಂಖ್ಯೆಯಿಲ್ಲದೆ ಒಂದು ಸಾಲನ್ನೂ ಬರೆದಿಲ್ಲ.

ನೆನಪಿಸುವುದಕ್ಕೆ ಸಂಕೋಚಪಡುವವರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8 ಮತ್ತು 9ನೇ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ಹಿಂದಿನ ವರ್ಷವೇ ಉತ್ಸಾಹದಿಂದ ಆರಂಭಿಸಿ ನಿಧಾನಿಸಿದ ಸಭೆಗೆ, ಆರಂಭಿಸಿದ್ದನ್ನು ಪೂರೈಸಿರೆಂದು ಪೌಲನು ಬರೆಯುತ್ತಾನೆ. ತಾನು ಬರುವ ಮೊದಲೇ ಹಣ ಸಿದ್ಧವಾಗಿರಲೆಂದು ಸಹೋದರರನ್ನು ಮುಂದಾಗಿ ಕಳುಹಿಸುತ್ತಾನೆ, ಅದೂ ಬಲವಂತದಿಂದ ಕಿತ್ತುಕೊಂಡಂತೆ ಆಗದೆ ಉದಾರವಾದ ಕೊಡುಗೆಯಾಗಿಯೇ ಇರಲೆಂದು. ಕೆಲಸ ಕಳೆದುಕೊಂಡವರು, ಕಾಯಿಲೆ ಬಿದ್ದವರು ಇದ್ದೇ ಇರುತ್ತಾರೆ. ಅವರ ಬಳಿಗೆ ಚೀಟಿ ಕಳುಹಿಸದೆ ಸಭಾಪಾಲಕರು ಹೋಗಲಿ. ಹೋದಾಗ ಹಣದ ಮಾತೆತ್ತದೆ, ಅವರೇ ಎತ್ತಿದರೆ ಮೊತ್ತವನ್ನು ತಗ್ಗಿಸಲು ಅಥವಾ ಪೂರ್ತಿ ಬಿಟ್ಟುಬಿಡಲು ಅವರಿಗೆ ಸ್ವಾತಂತ್ರ್ಯವಿದೆಯೆಂದು ಸ್ಪಷ್ಟವಾಗಿ ಹೇಳಲಿ. ಮತ್ತು ಬಾರದ ಹಣವನ್ನು ನಂಬಿ ಮುಂದಿನ ಗುತ್ತಿಗೆಗೆ ಸಹಿ ಹಾಕಬೇಡಿ.

ಪ್ರಶ್ನೆ: ಲಾಟರಿ ಚೀಟಿ ಮಾರಿ ಹಣ ಎತ್ತಬಹುದೇ?

ಉತ್ತರ: ನನ್ನ ಅಭಿಪ್ರಾಯದಲ್ಲಿ ಬೇಡ. ಅದಕ್ಕೆ ತಗಲುವ ಕಾನೂನಿನ ತೊಡಕುಗಳು ಒಂದು ಕಡೆಯಾದರೆ, ಬಹುಮಾನದ ಆಸೆಗೆ ಕೊಟ್ಟವರು ತಾವು ಕೊಟ್ಟಾಯಿತೆಂದು ನಿಜವಾದ ಕಾಣಿಕೆಯಿಂದ ತಪ್ಪಿಸಿಕೊಳ್ಳುವುದು ಇನ್ನೊಂದು ಕಡೆ. ಸಂತ ಪೇತ್ರನ ಮಹಾದೇವಾಲಯದ ನಿರ್ಮಾಣಕ್ಕೆಂದು ಪಾಪದಂಡ ವಿಮೋಚನೆಯ ಪತ್ರಗಳನ್ನು ಮಾರಿದ್ದು 1517ರಲ್ಲಿ ಚರ್ಚಿನೊಳಗೆ ಎಂಥ ಬಿರುಕಿಗೆ ಕಾರಣವಾಯಿತೆಂಬುದನ್ನು ಬಲ್ಲ ನಾವು, ಹಣ ಬರುವ ದಾರಿಯ ಬಗ್ಗೆ ಎಷ್ಟು ಎಚ್ಚರವಾಗಿದ್ದರೂ ಹೆಚ್ಚಲ್ಲ. ಮಾರಾಟ ಮೇಳ, ಸಂಗೀತ ಸಂಜೆಗಳು ಒಳ್ಳೆಯವೇ. ಅವು ಜನರನ್ನು ಒಂದುಗೂಡಿಸುತ್ತವೆ. ಗುರಿಯ ದೊಡ್ಡ ಪಾಲು ಅವುಗಳಿಂದ ಬರುತ್ತದೆಂದು ಎಣಿಸಬೇಡಿ.

ಪ್ರಶ್ನೆ: ಹಣ ಎಣಿಸುವ ಮತ್ತು ಲೆಕ್ಕ ಇಡುವ ಕ್ರಮ ಹೇಗಿರಬೇಕು? ಇಷ್ಟೊಂದು ಕಟ್ಟುನಿಟ್ಟು ಮಾಡಿದರೆ ಒಬ್ಬರನ್ನೊಬ್ಬರು ನಂಬದಂತೆ ಆಗುವುದಿಲ್ಲವೇ?

ಉತ್ತರ: ಕಟ್ಟುನಿಟ್ಟು ಇರುವುದು ಎಣಿಸುವವರನ್ನು ಅಪವಾದದಿಂದ ಕಾಪಾಡುವುದಕ್ಕೆ. 2 ಅರಸುಗಳ 12ನೇ ಅಧ್ಯಾಯದಲ್ಲಿ ಯೆಹೂದದ ಅರಸ ಯೋವಾಷನ ಕಾಲದ ವೃತ್ತಾಂತವಿದೆ: ಅವನ ಆಳ್ವಿಕೆಯ 23ನೇ ವರ್ಷವಾದರೂ ದೇವಾಲಯದ ದುರಸ್ತಿ ನಡೆದಿರಲಿಲ್ಲ, ಆಗ ಯಾಜಕನಾದ ಯೆಹೋಯಾದನು ಪೆಟ್ಟಿಗೆಯೊಂದರ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕದಲ್ಲಿ ಇರಿಸಿದನು, ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಗಳಲ್ಲಿ ಕಟ್ಟಿದರು. ಇಬ್ಬರು ಎಂಬುದನ್ನು ಗಮನಿಸಿ, ಅವರು ಒಂದೇ ಮನೆಯವರಲ್ಲ ಎಂಬುದನ್ನೂ ಗಮನಿಸಿ. ಆ ಹಣದಿಂದ ಬೆಳ್ಳಿಯ ಬಟ್ಟಲುಗಳನ್ನಾಗಲಿ ತುತೂರಿಗಳನ್ನಾಗಲಿ ಮಾಡಿಸದೆ, ದುರಸ್ತಿ ಮಾಡುವ ಕೆಲಸಗಾರರಿಗೇ ಕೊಟ್ಟರೆಂದು ಮುಂದೆ ಬರೆದಿದೆ. ಯಾವುದಕ್ಕೆಂದು ಕೊಟ್ಟರೋ ಅದಕ್ಕೇ ಖರ್ಚಾಗಬೇಕೆಂಬ ನಿಯಮ ಅಷ್ಟು ಹಳೆಯದು.

ಆರಾಧನೆ ಮುಗಿದ ಕೂಡಲೇ, ಬಂಧುಗಳಲ್ಲದ ಇಬ್ಬರು ಅಥವಾ ಮೂವರು, ಬಾಗಿಲು ತೆರೆದಿರುವ ಕೋಣೆಯಲ್ಲಿ, ಮೇಜಿನ ಮೇಲೆ ಬೇರೇನೂ ಇಲ್ಲದಂತೆ ಮಾಡಿಕೊಂಡು ಕೂರಲಿ. ಒಬ್ಬರು ಲಕೋಟೆ ಬಿಚ್ಚಿ ಒಳಗಿನ ಮೊತ್ತವನ್ನು ಲಕೋಟೆಯ ಮೇಲೆ ಬರೆದ ಮೊತ್ತದೊಂದಿಗೆ ತಾಳೆ ನೋಡಿ ಗಟ್ಟಿಯಾಗಿ ಹೇಳಲಿ, ಇನ್ನೊಬ್ಬರು ಸಂಖ್ಯೆಯಿರುವ ಎಣಿಕೆ ಹಾಳೆಯಲ್ಲಿ ಬರೆಯಲಿ. ಬಿಡಿ ನೋಟುಗಳನ್ನು ಇಬ್ಬರೂ ಒಬ್ಬರಾದ ಮೇಲೊಬ್ಬರು ಎಣಿಸಲಿ. ಖಾಲಿ ಲಕೋಟೆಯನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವಿರಲಿ. ಹಾಳೆಗೆ ಎಲ್ಲರ ಸಹಿಯಾಗಿ, ಒಂದು ಪ್ರತಿ ಖಜಾಂಚಿಗೆ ಮತ್ತು ಒಂದು ಪ್ರತಿ ಕಾರ್ಯದರ್ಶಿಗೆ ಹೋಗಲಿ, ಹಣ ತಡಮಾಡದೆ ಬ್ಯಾಂಕಿಗೆ ಹೋಗಲಿ. ಎಣಿಸುವವರು ಸರದಿಯಲ್ಲಿ ಬದಲಾಗುತ್ತಿರಲಿ, ಎಣಿಸುವವರೇ ಲೆಡ್ಜರ್ ಬರೆಯುವುದು ಬೇಡ. ಕಟ್ಟಡ ನಿಧಿಗೆ ಪ್ರತ್ಯೇಕ ಖಾತೆ, ಚೆಕ್ಕಿಗೆ ಇಬ್ಬರ ಸಹಿ, ಹೊರಗಿನವರಿಂದ ಲೆಕ್ಕಪರಿಶೋಧನೆ, ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ದಿನನಿತ್ಯದ ಖರ್ಚಿಗೆ ಹಣ ಸಾಲದ ತಿಂಗಳಲ್ಲಿ ಕಟ್ಟಡ ನಿಧಿಯಿಂದ ಸ್ವಲ್ಪ ತೆಗೆದು ಆಮೇಲೆ ತುಂಬಿಸೋಣ ಎಂಬ ಮಾತು ಸಮಿತಿಯಲ್ಲಿ ಬಂದರೆ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದಿದ್ದರೂ, ಒಪ್ಪಬೇಡಿ.

ಪ್ರಶ್ನೆ: ನಮ್ಮಲ್ಲಿ ಗುರಿಗಿಂತ ಹೆಚ್ಚು ಹಣ ಬರುವಂತೆ ಕಾಣುತ್ತಿದೆ. ಸಂಗ್ರಹ ಮುಂದುವರಿಸಿ ಒಂದು ಮೊತ್ತವನ್ನು ಕೂಡಿಡೋಣವೇ?

ಉತ್ತರ: ಇಸ್ರಾಯೇಲ್ಯರ ಆರಾಧನೆಯ ಗುಡಾರದ ಕೆಲಸಕ್ಕೆ ಜನರು ದಿನದಿನವೂ ತಂದದ್ದು ಅಗತ್ಯಕ್ಕಿಂತ ಹೆಚ್ಚಾಯಿತೆಂದು ಕುಶಲಕರ್ಮಿಗಳು ತಿಳಿಸಿದಾಗ, ಇನ್ನು ಯಾರೂ ಏನನ್ನೂ ತರಬಾರದೆಂದು ಮೋಶೆ ಪಾಳೆಯದಲ್ಲೆಲ್ಲ ಸಾರಿಸಿದ್ದು ವಿಮೋಚನಕಾಂಡದ 36ನೇ ಅಧ್ಯಾಯದಲ್ಲಿದೆ. ನೀವೂ ಸಾರಿಸಿ. ಈಗಾಗಲೇ ಬಂದಿರುವ ಹೆಚ್ಚಿನ ಹಣವನ್ನು ಕಟ್ಟಡದ ಮುಂದಿನ ನಿರ್ವಹಣೆಗೆ ಇಡಬಹುದು, ಆದರೆ ಕೊಟ್ಟವರನ್ನು ಕೇಳಿದ ಮೇಲೆ; ಅವರಿಗೆ ಒಪ್ಪಿಗೆ ಪತ್ರ ಕಳುಹಿಸುವಾಗ, ಬೇಡವೆಂದರೆ ಹಣ ಹಿಂದಿರುಗಿಸುತ್ತೇವೆ ಎಂಬ ಸಾಲನ್ನು ಸಣ್ಣ ಅಕ್ಷರದಲ್ಲಿ ಕೆಳಗೆ ಹಾಕದೆ ಮೊದಲಲ್ಲೇ ಹಾಕಿ.